ಮಣ್ಣು ಹೋದರೆ ಊರೂ ಬಿಡಬೇಕು!

ಮಕ್ಕಳೇ, ‘ಗುಳೆ’ ಎಂಬ ಪದ ಕೇಳಿದ್ದೀರಾ? ರಾಯಚೂರು, ಯಾದಗಿರಿ, ಕಲಬುರಗಿ ಭಾಗದ ಅನೇಕ ರೈತ ಕುಟುಂಬಗಳು ಕೂಲಿ ಅರಸಿ ಬೆಂಗಳೂರು, ಮುಂಬೈಗಳಿಗೆ ಹೋಗುತ್ತವೆ. ಇದೇ ಗುಳೆ. ಮಕ್ಕಳೂ ಜೊತೆಗೆ ಹೋದರೆ ಶಾಲೆ ತಪ್ಪುತ್ತದೆ.

ಮಳೆ ಬಾರದಿರುವುದೊಂದೇ ಇದಕ್ಕೆ ಕಾರಣವೇ? ಅಲ್ಲ. ಇಳಿಜಾರಿನ ಬರಿ ಹೊಲಕ್ಕೆ ಬಿರುಮಳೆ ಬಿದ್ದಾಗ ಹನಿಗಳು ಮಣ್ಣಿನ ಕಣಗಳನ್ನು ಬಿಡಿಸುತ್ತವೆ. ಹರಿಯುವ ನೀರು ಅವನ್ನು ಕೊಚ್ಚಿ ಒಯ್ಯುತ್ತದೆ. ಹೀಗೆ ಹೋಗುವುದು ಫಲವತ್ತಾದ ಮೇಲ್ಮಣ್ಣು. ಒಂದು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು! ಮಣ್ಣು ತೆಳುವಾದ ಹೊಲದಲ್ಲಿ ತೇವ ಬೇಗ ಆರುತ್ತದೆ. ಮಳೆ ತುಸು ತಡವಾದರೂ ಬೆಳೆ ಬಾಡುತ್ತದೆ. ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ. ಆಗ ಮನೆಗೆ ಬೀಗ ಬೀಳುತ್ತದೆ.

ಬರ ಮತ್ತೆ ಮತ್ತೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬರವನ್ನು ತಡೆಯಲು ನಮ್ಮಿಂದಾಗದು, ಮಣ್ಣನ್ನು ಉಳಿಸಬಹುದು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬದು ಹಾಕಬೇಕು, ಬದುವಿನ ಮೇಲೆ ಹುಲ್ಲು ಬೆಳೆಸಬೇಕು, ಕೃಷಿ ಹೊಂಡ ತೋಡಬೇಕು.

ಮಾಡಿ ನೋಡಿ: ಒಂದು ತಟ್ಟೆಯಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು ತೆಗೆದುಕೊಳ್ಳಿ. ಎರಡನ್ನೂ ಓರೆಯಾಗಿಟ್ಟು ಒಂದೇ ಪ್ರಮಾಣದ ನೀರು ಚಿಮುಕಿಸಿ. ಯಾವುದರಿಂದ ಇಳಿದ ನೀರು ಹೆಚ್ಚು ರಾಡಿಯಾಗಿದೆ? ಏಕೆ?