ಕೆಲಸ ಕಲಿತರೆ ಕೂಲಿ ಹೆಚ್ಚುತ್ತದೆಯೇ?



ಗೊತ್ತಾದ ಸಂಬಳ, ರಜೆ, ಪಿಂಚಣಿ ಯಾವುದೂ ಇಲ್ಲದೆ ದುಡಿಯುವವರನ್ನು ಅಸಂಘಟಿತ ಕಾರ್ಮಿಕರು ಅಂತಾರೆ. ಗಾರೆ ಕೆಲಸದವರು, ಬಡಗಿಗಳು, ಬೀಡಿ ಕಟ್ಟುವವರು, ಬಟ್ಟೆ ಹೊಲಿಯುವವರು ಇದರಲ್ಲಿ ಸೇರುತ್ತಾರೆ. ಇವರಿಗೆ ತರಬೇತಿ ಕೊಟ್ಟರೆ ಲಾಭವೇನು? ನಮ್ಮ ಚಿಕ್ಕಮ್ಮನ ಹೊಲಿಗೆ ಕೆಲಸದಿಂದಲೇ ಲೆಕ್ಕ ಹಾಕಿದ್ದೇನೆ.

1. ಲಾಭದ ಲೆಕ್ಕ
ಚಿಕ್ಕಮ್ಮನಿಗೆ ಅಳತೆ ತೆಗೆದು ಬಟ್ಟೆ ಕತ್ತರಿಸೋಕೆ ಬರೋದಿಲ್ಲ. ಪೇಟೆಯ ಟೈಲರ್ ಕತ್ತರಿಸಿ ಕೊಟ್ಟ ಬ್ಲೌಸ್ ಹೊಲಿದು ಕೊಡ್ತಾರೆ. ಒಂದಕ್ಕೆ 40 ರೂಪಾಯಿ. ದಿನಕ್ಕೆ 4 ಹೊಲಿದರೆ 160 ರೂಪಾಯಿ. ಕತ್ತರಿಸೋದು ಕಲಿತರೆ ಗಿರಾಕಿಯಿಂದ ನೇರವಾಗಿ ಒಂದು ಬ್ಲೌಸಿಗೆ 150 ರೂಪಾಯಿ ಸಿಗುತ್ತದೆ. ದಿನಕ್ಕೆ ಎರಡೇ ಮುಗಿದರೂ 300. ದಾರ, ಹುಕ್ಕಿಗೆ 40 ಕಳೆದರೆ 260 ಉಳಿಯುತ್ತದೆ. ಅಂದರೆ ದಿನಕ್ಕೆ 100 ರೂಪಾಯಿ ಹೆಚ್ಚು!

2. ಕಲಿಸುವವರು ಯಾರು?
1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಅಲ್ಲಿ ತರಬೇತಿ, ಊಟ, ವಸತಿ ಎಲ್ಲ ಉಚಿತ. ಕಲಿತವರಿಗೆ ಬ್ಯಾಂಕ್ ಸಾಲ ಸಿಗಲೂ ನೆರವಾಗುತ್ತಾರೆ. ಅದೇ ಮಾದರಿಯಲ್ಲಿ ಈಗ ದೇಶದ ಅನೇಕ ಜಿಲ್ಲೆಗಳಲ್ಲಿ ಬ್ಯಾಂಕುಗಳು ತರಬೇತಿ ಸಂಸ್ಥೆ ನಡೆಸುತ್ತಿವೆ.

3. ಅಡ್ಡಿ ಏನು?
30 ದಿನ ತರಬೇತಿಗೆ ಹೋದರೆ 30 × 160 = 4,800 ರೂಪಾಯಿ ದುಡಿಮೆ ಹೋಗುತ್ತದೆ. ದಿನಕ್ಕೆ 100 ಹೆಚ್ಚು ಬಂದರೆ 48 ದಿನದಲ್ಲಿ ಅದು ವಾಪಸ್ ಬರುತ್ತದೆ, ನಿಜ. ಆದರೆ ಆ ಒಂದು ತಿಂಗಳು ಮನೆಗೆ ಸಾಮಾನು ತರೋರು ಯಾರು? ಅದಕ್ಕೇ ಚಿಕ್ಕಮ್ಮ ಇನ್ನೂ ಹೋಗಿಲ್ಲ.

ಈ ಕಷ್ಟಕ್ಕೆ ಭತ್ಯೆಯೇ ಪರಿಹಾರ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ, ಬಡಗಿ, ಕಮ್ಮಾರ, ಕುಂಬಾರ ಹೀಗೆ 18 ಕಸುಬುಗಳಿವೆ. ಮೊದಲ ತರಬೇತಿ 5ರಿಂದ 7 ದಿನ. ದಿನಕ್ಕೆ 500 ರೂಪಾಯಿ ಭತ್ಯೆ. ಸಲಕರಣೆ ಕೊಳ್ಳಲು 15,000 ರೂಪಾಯಿವರೆಗೆ ನೆರವು. ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲವೂ ಉಂಟು.

4. ನೆನಪಿಡಬೇಕಾದ್ದು
ಊರಿನಲ್ಲಿ ಹತ್ತು ಜನ ಹೊಲಿಗೆಯನ್ನೇ ಕಲಿತರೆ ಇರುವ ಬಟ್ಟೆ ಹತ್ತು ಕಡೆ ಹಂಚಿ ಹೋಗುತ್ತದೆ. ಆಗ ಯಾರ ಕೂಲಿಯೂ ಏರೋದಿಲ್ಲ. ಒಬ್ಬರು ಹೊಲಿಗೆ, ಒಬ್ಬರು ಪಂಪ್‌ಸೆಟ್ ರಿಪೇರಿ, ಇನ್ನೊಬ್ಬರು ಗಾರೆ ಕೆಲಸ ಕಲಿಯಬೇಕು.

ಆದ್ದರಿಂದ ಕಲಿಕೆ, ಕಲಿಯುವಾಗ ಭತ್ಯೆ, ಕಲಿತ ಮೇಲೆ ಗಿರಾಕಿ, ಈ ಮೂರೂ ಇದ್ದರೆ ಮಾತ್ರ ತರಬೇತಿಯಿಂದ ಮನೆಗೆ ಹಣ ಬರುತ್ತದೆ. ನಿಮ್ಮ ಮನೆಯವರ ಕೆಲಸಕ್ಕೂ ಹೀಗೇ ಲೆಕ್ಕ ಹಾಕಿ ನೋಡಿ.