ತಿದ್ದುಪಡಿಯ ಮೇಲಿನ ಚರ್ಚೆ: ಅಮೆರಿಕದ ವಲಸೆ ಮಸೂದೆ, 2013

ಗಡಿ ಎಂದೊಡನೆ ನಮ್ಮ ಶಾಲೆಗಳ ಮಕ್ಕಳಿಗೆ ನೆನಪಾಗುವುದು ಬಸ್ಸಿನಲ್ಲಿ ದಾಟುವ ರಾಜ್ಯದ ಎಲ್ಲೆ. ದೇಶದ ಗಡಿ ಬೇರೆಯೆಂಬುದನ್ನು ಶಿಕ್ಷಕರು ಮೊದಲೇ ತಿಳಿಸಬೇಕು. ಇಲ್ಲಿನ ವಿಷಯ ಅಮೆರಿಕ ಹಾಗೂ ಮೆಕ್ಸಿಕೋ ನಡುವಣ ಗಡಿ.

2013ರ ಜೂನ್ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಭೆಯು ವಲಸೆ ಸುಧಾರಣಾ ಮಸೂದೆಯನ್ನು ಚರ್ಚಿಸಿತು. ಎರಡೂ ಪಕ್ಷಗಳ ತಲಾ ನಾಲ್ವರು ಸದಸ್ಯರು ಅದನ್ನು ರೂಪಿಸಿದ್ದರು. ದಾಖಲೆಗಳಿಲ್ಲದೆ ನೆಲೆಸಿದ್ದ ಸುಮಾರು 1 ಕೋಟಿ 10 ಲಕ್ಷ ಜನರಲ್ಲಿ ಅರ್ಹರಿಗೆ ತಾತ್ಕಾಲಿಕ ಮಾನ್ಯತೆ, ಹತ್ತು ವರ್ಷಗಳ ತರುವಾಯ ಕಾಯಂ ವಾಸದ ಹಕ್ಕು, ಅನಂತರ ಪೌರತ್ವ ಎಂಬುದು ಅದರ ಸಾರ. (ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮವನ್ನು ತಟ್ಟುವ ಎಚ್‌-1ಬಿ ವೀಸಾದ ನಿಯಮಗಳೂ ಅದರಲ್ಲಿದ್ದವು, ಈ ಪಾಠಕ್ಕೆ ಅವು ಬೇಡ.)

ವಾದವೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಸುತ್ತ ನಡೆಯಿತು. ಗಡಿಯು ಆರು ತಿಂಗಳ ಕಾಲ ಹತೋಟಿಯಲ್ಲಿದ್ದಿತೆಂದು ದೃಢಪಡುವವರೆಗೆ ತಾತ್ಕಾಲಿಕ ಮಾನ್ಯತೆಯೂ ಕೂಡದೆಂದು ಗ್ರಾಸ್ಲಿಯವರ ತಿದ್ದುಪಡಿ ಬಯಸಿತು. ಸಭೆ 57–43 ಮತಗಳಿಂದ ಅದನ್ನು ಬದಿಗಿರಿಸಿತು. ಕಾರ್ನಿನ್ ಅವರು ಕಾಯಂ ಹಕ್ಕಿಗೆ ಅಂಕಿಯ ಷರತ್ತು ಹಾಕಿದರು: ಅಕ್ರಮವಾಗಿ ಗಡಿ ದಾಟುವವರಲ್ಲಿ ಶೇ. 90ರಷ್ಟು ಮಂದಿಯನ್ನು ತಡೆದಿರಬೇಕು. ಅದೂ 54–43ರಿಂದ ಬದಿಗೆ ಸರಿಯಿತು.

ಇಲ್ಲಿ ಪಾಠವನ್ನು ನಿಲ್ಲಿಸಿ ಕೇಳಿರಿ: ನೂರಕ್ಕೆ ತೊಂಬತ್ತು ಎನ್ನಲು ಒಟ್ಟು ಎಷ್ಟೆಂಬುದು ತಿಳಿದಿರಬೇಕಲ್ಲವೆ? ಕಣ್ತಪ್ಪಿಸಿ ದಾಟಿದವರನ್ನು ಎಣಿಸಿದವರಾರು? ಶೇಕಡಾ ಲೆಕ್ಕ ಬಲ್ಲ ಎಂಟನೆಯ ತರಗತಿಯವರೂ ಈ ತೊಡಕನ್ನು ಹಿಡಿಯಬಲ್ಲರು. ಹಾಗೆಂದು ಷರತ್ತು ಕೇಳಿದವರ ಅನುಮಾನ ನಿರಾಧಾರವಲ್ಲ. 1986ರ ಕಾಯಿದೆಯಿಂದ ಸುಮಾರು 27 ಲಕ್ಷ ಜನರು ಮಾನ್ಯತೆ ಪಡೆದರು. ಅಕ್ರಮ ವಲಸೆ ಮಾತ್ರ ನಿಲ್ಲಲಿಲ್ಲ. ಮಕ್ಕಳಿಗೆ ಇದನ್ನೂ ಹೇಳದಿದ್ದರೆ ಚರ್ಚೆ ಏಕಪಕ್ಷೀಯವಾಗುತ್ತದೆ.

ಕಾರ್ಕರ್ ಮತ್ತು ಹೋವೆನ್ ಅವರ ತಿದ್ದುಪಡಿಯು ಫಲವನ್ನು ಬಿಟ್ಟು ಸಾಧನಗಳನ್ನು ಎಣಿಸಿತು: ಸುಮಾರು 20,000 ಹೆಚ್ಚುವರಿ ಕಾವಲುಗಾರರು, ಒಟ್ಟು 700 ಮೈಲಿ ಬೇಲಿ, ಕೆಲಸಕ್ಕೆ ಸೇರುವವರ ದಾಖಲೆ ಪರಿಶೀಲನೆ. ಹಣ ಸುರಿದರೆ ಇವೆಲ್ಲ ಈಡೇರುತ್ತವೆ. ಗಡಿ ಭದ್ರವಾಯಿತೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಭೆ ಒಪ್ಪಿದ್ದು ಇದನ್ನೇ. ಜೂನ್ 27ರಂದು ಮಸೂದೆಯು 68–32 ಮತಗಳಿಂದ ಅಂಗೀಕೃತವಾಯಿತು.

ತರಗತಿಯನ್ನು ಎರಡು ಪಂಗಡ ಮಾಡಿ ಪರ-ವಿರೋಧ ಕೂಗಿಸುವುದರಿಂದ ಪ್ರಯೋಜನ ಅಲ್ಪ. ಮೂರೂ ತಿದ್ದುಪಡಿಗಳನ್ನು ಕರಿಹಲಗೆಯ ಮೇಲೆ ಬರೆದು, ಒಂದೊಂದರ ಬಗೆಗೂ ವಿದ್ಯಾರ್ಥಿಗಳು ಉತ್ತರ ಹುಡುಕಲಿ: ಷರತ್ತನ್ನು ಅಳೆಯುವುದು ಹೇಗೆ? ಈಡೇರಿತೆಂದು ಹೇಳುವ ಅಧಿಕಾರ ಯಾರದು? ಈಡೇರದಿದ್ದರೆ ಕಾಯುವವರು ಯಾರು? ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿರಿ. ಪ್ರತಿನಿಧಿ ಸಭೆಯು ಈ ಮಸೂದೆಯನ್ನು ಮತಕ್ಕೇ ಹಾಕಲಿಲ್ಲ. 2015ರ ಜನವರಿಯಲ್ಲಿ ಆ ಕಾಂಗ್ರೆಸ್ಸಿನ ಅವಧಿಯೊಡನೆ ಅದೂ ಕೊನೆಗೊಂಡಿತು.