ಹಳೆ ಕರ್ನಲ್ ಕೈಬಿಡಬೇಡ, ತಮ್ಮಾ

ವೈಫೈ ಆಗಾಗ ಕೈಕೊಡುತ್ತದೆ, ಹೊಸ ಕರ್ನಲ್‌ನಲ್ಲಿ ಅದರ ಡ್ರೈವರ್ ಸುಧಾರಿಸಿದೆಯಂತೆ, ಟೆಸ್ಟಿಂಗ್ ಕರ್ನಲ್ ಹಾಕಿ ನೋಡುತ್ತೇನೆ ಅಂದೆಯಲ್ಲ ತಮ್ಮಾ, ಹಾಕು. ಬೇಡ ಅನ್ನುವುದಿಲ್ಲ. ಆದರೆ ಮೋಮಿನಪುರದ ನಿಮ್ಮ ಮನೆಗೆ ಇರುವುದು ಅದೊಂದೇ ಲ್ಯಾಪ್‌ಟಾಪ್. ತಂಗಿಯ ಪ್ರಾಜೆಕ್ಟ್ ರಿಪೋರ್ಟೂ ಅದರಲ್ಲೇ, ಅಬ್ಬಾನ ಅಂಗಡಿ ಲೆಕ್ಕವೂ ಅದರಲ್ಲೇ. ಅದಕ್ಕೇ ನಾಲ್ಕು ಮಾತು ಹೇಳಬೇಕೆನಿಸಿತು.

ಹೊಸ ಕರ್ನಲ್ ಎರಡು ಬಗೆಯಲ್ಲಿ ಕೆಡಿಸಬಹುದು. ಒಂದು, ಯಂತ್ರ ಏಳುವುದೇ ಇಲ್ಲ, ಪರದೆ ಕಪ್ಪಾಗಿ ನಿಲ್ಲುತ್ತದೆ. ಇದಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಬೇಕಿಲ್ಲ. ಹೊಸದು ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆಯದನ್ನು ಆರಿಸಿದರೆ ಮತ್ತೆ ನಿನ್ನ ಮನೆಗೇ ಬಂದೆ.

ಇನ್ನೊಂದು ಬಗೆ ಸದ್ದಿಲ್ಲದ್ದು. ಯಂತ್ರ ಚೆನ್ನಾಗಿಯೇ ಏಳುತ್ತದೆ, ಕೆಲಸವೂ ನಡೆಯುತ್ತದೆ, ಒಳಗೆ ಫೈಲುಗಳು ಹಾಳಾಗುತ್ತಿರುತ್ತವೆ. 2021ರ ಫೆಬ್ರುವರಿ ಕೊನೆಗೆ ಬಂದ 5.12 ಕರ್ನಲ್‌ನ ಮೊದಲ ಆರ್‌ಸಿಯಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯಲ್ಲಿ, ಹೀಗೇ ಆಯಿತು. ಸ್ವಾಪ್ ಫೈಲ್ ಇಟ್ಟುಕೊಂಡವರ ಡಿಸ್ಕಿನಲ್ಲಿ ಕರ್ನಲ್ ತಪ್ಪು ಜಾಗಕ್ಕೆ ಬರೆಯುತ್ತ ಹೋಯಿತು. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇದ್ದವರು ಬಚಾವಾದರು. ಲಿನಸ್ ಟೊರ್ವಾಲ್ಡ್ಸ್ ಆ ಆವೃತ್ತಿಯ ಹೆಸರಿಗೇ 'ಡೋಂಟ್‌ಯೂಸ್' ಎಂದು ಬಾಲ ಸೇರಿಸಿ, ಎರಡನೇ ಆರ್‌ಸಿಯನ್ನು ವಾರ ಮುಗಿಯುವ ಮೊದಲೇ ಹೊರಡಿಸಿದರು. ಟೆಸ್ಟಿಂಗ್‌ನಲ್ಲಿ ಮಾತ್ರ ಹೀಗೆ ಅನ್ನಬೇಡ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3ರ ಜೊತೆ ಬರಬೇಕಿದ್ದ 6.1.64 ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಕೆಡುವ ದೋಷ ಕಂಡು, ಅದನ್ನು ತಡೆದು ನೇರ 12.4 ಕೊಟ್ಟರು. ಇಂಥ ಕಡೆ ಗ್ರಬ್ ಮೆನು ನಿನ್ನನ್ನು ಉಳಿಸದು. ಹಳೆ ಕರ್ನಲ್‌ನಿಂದ ಎದ್ದರೂ ಹಾಳಾದ ಫೈಲು ಹಾಳಾದದ್ದೇ. ಹೊರಗಿನ ಡಿಸ್ಕಿನಲ್ಲಿ ನಕಲು ಇರಬೇಕು. ಟೈಮ್‌ಶಿಫ್ಟ್ ಇದೆಯಲ್ಲ ಅನ್ನಬೇಡ, ಅದು ತಾನಾಗಿ ನಿನ್ನ ಹೋಮ್ ಫೋಲ್ಡರನ್ನು ಸೇರಿಸಿಕೊಳ್ಳುವುದಿಲ್ಲ. ಆರ್‌ಸಿಂಕ್‌ನಿಂದ ಹೋಮ್ ಇಡಿಯಾಗಿ ಎತ್ತಿಡು. ಆಮೇಲೆ ಒಂದೆರಡು ಫೈಲು ಅಲ್ಲಿಂದಲೇ ತೆರೆದು ನೋಡು.

ಇನ್ನು ಯಾವ ಕರ್ನಲ್? ನಿನ್ನದು ಡೆಬಿಯನ್ 13, ಜೊತೆಗೆ ಬಂದದ್ದು 6.12. ಸೋರ್ಸಸ್ ಪಟ್ಟಿಗೆ ಸುಮ್ಮನೆ ಟೆಸ್ಟಿಂಗ್ ಸಾಲು ಸೇರಿಸಿದರೆ ಮುಂದಿನ ಅಪ್‌ಗ್ರೇಡ್‌ಗೆ ಇಡೀ ವ್ಯವಸ್ಥೆಯೇ ಅತ್ತ ಹೊರಟುಬಿಡುತ್ತದೆ. ಬ್ಯಾಕ್‌ಪೋರ್ಟ್ಸ್ ಹಿಡಿ. ಟೆಸ್ಟಿಂಗ್ ತಲುಪಿದ ಕರ್ನಲ್ಲೇ ಅಲ್ಲಿಗೆ ಬರುತ್ತದೆ, ನೀನು ಹೆಸರು ಹಿಡಿದು ಕರೆದರೆ ಮಾತ್ರ ಒಳಗೆ ಬರುತ್ತದೆ. ಆರ್‌ಸಿಯೇ ಬೇಕು ಎಂದರೆ ಮೊದಲನೆಯದಕ್ಕೆ ಕೈ ಹಾಕಬೇಡ. ಎರಡು ವಾರ ಸಿಕ್ಕ ಸಿಕ್ಕ ಬದಲಾವಣೆ ಸೇರಿಸಿದ ಮೇಲೆ ಹೊರಬರುವುದು ಅದು. ಅಲ್ಲಿಂದ ವಾರಕ್ಕೊಂದರಂತೆ ಏಳೆಂಟು ಬರುತ್ತವೆ. ನಾಲ್ಕೈದು ದಾಟಲಿ.

ಹಾಕುವ ಮುಂಚೆ ಬೂಟ್ ಪಾರ್ಟಿಷನ್‌ನಲ್ಲಿ ಜಾಗ ನೋಡು. ಜಾಗ ಸಾಲದೆ ಇನಿಟ್‌ರಾಮ್‌ಎಫ್‌ಎಸ್ ಅರ್ಧಕ್ಕೇ ನಿಂತರೆ ಆ ಕರ್ನಲ್ ಏಳುವುದಿಲ್ಲ. ನಮ್ಮ ಕಲಬುರಗಿ ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುವುದೋ ಗೊತ್ತಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಇನ್‌ವರ್ಟರ್ ಇರುವ ಕಡೆ ಒಯ್ದೇ ಈ ಕೆಲಸ ಮಾಡು. ಎನ್ವಿಡಿಯಾ, ವರ್ಚುವಲ್‌ಬಾಕ್ಸ್ ಇದ್ದರೆ ಅವುಗಳ ಮಾಡ್ಯೂಲು ಹೊಸ ಕರ್ನಲ್‌ಗೆ ಕಟ್ಟಿಕೊಂಡವೋ ಇಲ್ಲವೋ ಡಿಕೆಎಂಎಸ್ ಸ್ಟೇಟಸ್‌ನಲ್ಲಿ ನೋಡಿದ ಮೇಲೇ ರೀಬೂಟ್ ಮಾಡು. ಸೆಕ್ಯೂರ್ ಬೂಟ್ ಇದ್ದರೆ ಸಹಿ ಇಲ್ಲದ ಕರ್ನಲ್ ಬಾಗಿಲಲ್ಲೇ ನಿಲ್ಲುತ್ತದೆ.

ಒಂದು ಉಪಾಯ ಹೇಳುತ್ತೇನೆ, ನನಗೆ ಬಹಳ ಹಿಡಿಸಿದ್ದು. ಗ್ರಬ್‌ನ ಡೀಫಾಲ್ಟನ್ನು 'ಸೇವ್ಡ್' ಮಾಡಿ ಅಪ್‌ಡೇಟ್-ಗ್ರಬ್ ಓಡಿಸು. ಗ್ರಬ್-ಸೆಟ್-ಡೀಫಾಲ್ಟ್‌ನಿಂದ ಹಳೆಯದನ್ನು ನಿಲ್ಲಿಸು, ಗ್ರಬ್-ರೀಬೂಟ್‌ನಿಂದ ಹೊಸದನ್ನು ಕರೆ. ಹೊಸದು ಒಂದೇ ಸಲ ಏಳುತ್ತದೆ. ಅದು ಸಿಕ್ಕಿಕೊಂಡು ನಿಂತರೆ ಪವರ್ ಬಟನ್ ಒತ್ತಿ ಮತ್ತೆ ಶುರು ಮಾಡು, ಹಳೆಯದೇ ಬರುತ್ತದೆ. ನೀನು ಇಲ್ಲದಾಗ ತಂಗಿ ಆನ್ ಮಾಡಿದರೂ ಅವಳ ಕೆಲಸ ನಿಲ್ಲುವುದಿಲ್ಲ.

ಎದ್ದ ಮೇಲೆ ವಾರವಿಡೀ ಗಮನವಿಡು: ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಸದ್ದು ಬರುತ್ತದೆಯೇ, ವೈಫೈ ಕಡಿಯದೆ ನಿಲ್ಲುತ್ತದೆಯೇ. ಕೆಟ್ಟರೆ ಜರ್ನಲ್‌ಸಿಟಿಎಲ್‌ನಿಂದ ಹಿಂದಿನ ಬೂಟಿನ ಕರ್ನಲ್ ಸಂದೇಶ ತೆಗೆದು, ವೈಫೈ ಚಿಪ್ಪಿನ ಹೆಸರೂ ಆವೃತ್ತಿಯೂ ಬರೆದು ಡೆಬಿಯನ್‌ಗೆ ದೂರು ಕೊಡು. ಯಾವ ಆವೃತ್ತಿಯ ತನಕ ಸರಿ ಇತ್ತು ಅನ್ನುವುದು ಅವರಿಗೆ ಬಹಳ ಬೇಕಾದ ಮಾಹಿತಿ. ಆಟೋರಿಮೂವ್ ಕೊಡುವ ಮುಂಚೆ ಮಾತ್ರ ಪಟ್ಟಿ ಓದು. ಅದರಲ್ಲಿ ನಿನ್ನ 6.12 ಇದ್ದರೆ ನಿಲ್ಲು.

ನನ್ನ ಬಳಿ ಖಾಲಿ ಎಕ್ಸ್‌ಟರ್ನಲ್ ಡಿಸ್ಕ್ ಒಂದಿದೆ. ಶುಕ್ರವಾರ ನಮಾಜ್ ಮುಗಿಸಿ ಬಾ, ಮೊದಲು ನಕಲು ತೆಗೆದಿಡೋಣ.